ಆಮಿಷದ ಮೇಲಣ ಆರೋಪ

ಮನೆಯಲ್ಲಿ ಸಾಕಿದ ನಾಯಿಯೋ ಬೆಕ್ಕೋ ಇದ್ದಕ್ಕಿದ್ದಂತೆ ವಾಂತಿಮಾಡಿಕೊಂಡು, ಮುಂದಿಟ್ಟ ಅನ್ನವನ್ನು ಮೂಸಿಯೂ ನೋಡದೆ ಮೂಲೆಯಲ್ಲಿ ಮುದುರಿ ಮಲಗಿದಾಗ, ಮನೆಯವರ ಮನಸ್ಸಿನಲ್ಲಿ ಮೊದಲು ಮೂಡುವ ಪ್ರಶ್ನೆ ಅದು ಏನನ್ನು ತಿಂದಿತೆಂಬುದು. ಆ ಪ್ರಶ್ನೆಗೆ ಉತ್ತರವನ್ನರಸಿ ಹೊರಟ ಕಣ್ಣು, ಎರಡು ದಿನಗಳ ಹಿಂದಷ್ಟೇ ಅಡುಗೆಮನೆಯ ಕಪಾಟಿನ ಬಾಗಿಲುಗಳ ಕೀಲಿನ ಬಳಿ ಜಿರಳೆಗಳಿಗಾಗಿ ಇಡಿಸಿದ್ದ ಜೆಲ್ಲಿನ ಚುಕ್ಕೆಗಳ ಮೇಲೋ, ಸಿಂಕಿನ ಕೆಳಗೆ ಇರುವೆಗಳಿಗೆಂದು ಇಟ್ಟಿದ್ದ ಸಿಹಿಪಾಕದ ಪುಟ್ಟ ಡಬ್ಬಿಯ ಮೇಲೋ ಹೋಗಿ ನಿಲ್ಲುವುದು ಅತ್ಯಂತ ಸಹಜ. ವಿಷವನ್ನು ತಂದವರು ನಾವು, ಇರಿಸಿದವರು ನಾವು. ಅದೂ ಕಹಿಯಾಗಿ ಎಚ್ಚರಿಸುವ ವಿಷವಲ್ಲ, ಸಕ್ಕರೆ ಎಣ್ಣೆಗಳ ರುಚಿಯಿಂದ ಕೈಬೀಸಿ ಕರೆಯುವ ವಿಷ. ಅದರ ಸಮೀಪದಲ್ಲಿಯೇ ಉಂಡು ಮಲಗುವ ಮೂಕಜೀವಿಯೊಂದು ಕಾಯಿಲೆ ಬಿದ್ದಮೇಲೆ ಆ ಎರಡನ್ನೂ ಮನಸ್ಸು ಒಂದೇ ದಾರದಲ್ಲಿ ಪೋಣಿಸದೆ ಇರಲಾರದು.

ಈ ಸಂಶಯವನ್ನು ವ್ಯರ್ಥಗೊಳಿಸುವ ಮಾರ್ಗಗಳು ಎರಡು. ಮೊದಲನೆಯದು ಅಲಕ್ಷ್ಯದ ಮಾರ್ಗ: ಈಗಿನ ಆಮಿಷಗಳಲ್ಲಿ ವಿಷವು ಅತ್ಯಲ್ಪವಾಗಿರುತ್ತದೆ, ಅದರಿಂದ ನಾಯಿಗೆ ಏನೂ ಆಗುವುದಿಲ್ಲವೆಂದು ಹೇಳಿ ಕೈತೊಳೆದುಕೊಳ್ಳುವುದು. ಎರಡನೆಯದು ನಿರ್ಣಯದ ಮಾರ್ಗ: ವಿಷವಿಟ್ಟದ್ದೂ ನಿಜ, ಕಾಯಿಲೆಯಾದದ್ದೂ ನಿಜ, ಇನ್ನು ವಿಚಾರವೇಕೆಂದು ಆಮಿಷವನ್ನೂ, ಅದನ್ನಿಟ್ಟ ಪೆಸ್ಟ್ ಕಂಟ್ರೋಲ್ ಹುಡುಗನನ್ನೂ, ಕೆಲವೊಮ್ಮೆ ನಾಯಿಯ ಬೊಗಳಾಟಕ್ಕೆ ಹಿಂದೆಂದೋ ಆಕ್ಷೇಪವೆತ್ತಿದ್ದ ನೆರೆಮನೆಯವರನ್ನೂ ಒಂದೇ ಸಲಕ್ಕೆ ಅಪರಾಧಿಸ್ಥಾನದಲ್ಲಿ ನಿಲ್ಲಿಸಿಬಿಡುವುದು. ಮೇಲುನೋಟಕ್ಕೆ ಪರಸ್ಪರ ವಿರುದ್ಧವೆಂದು ತೋರುವ ಈ ಎರಡು ನಿಲುವುಗಳಲ್ಲಿಯೂ ಇರುವ ದೋಷ ಒಂದೇ. ವಿಚಾರಣೆ ಆರಂಭವಾಗಬೇಕಾದ ಸ್ಥಳದಲ್ಲಿಯೇ ಅವೆರಡೂ ವಿಚಾರಣೆಯನ್ನು ಮುಗಿಸಿಬಿಡುತ್ತವೆ. ಸಂಶಯವೆಂಬುದು ತೀರ್ಪಲ್ಲ, ಭ್ರಮೆಯೂ ಅಲ್ಲ, ಅದೊಂದು ಕರ್ತವ್ಯದ ಆರಂಭವೆಂಬುದು ನಾನಿಲ್ಲಿ ಪ್ರತಿಪಾದಿಸಬಯಸುವ ಮಾತು. ಆ ಕರ್ತವ್ಯವನ್ನು ನೆರವೇರಿಸಲು ಬೇಕಾದ ಸಾಧನಗಳನ್ನು ಕಾಯಿಲೆ ಬರುವುದಕ್ಕೆ ಮೊದಲೇ ಸಿದ್ಧವಾಗಿರಿಸಿಕೊಳ್ಳದವನು, ಕಾಯಿಲೆ ಬಂದ ಬಳಿಕ ಎಷ್ಟು ಪ್ರೀತಿಯಿಂದ ಸಂಶಯಪಟ್ಟರೂ ಆ ಸಂಶಯ ಪ್ರಾಣಿಯ ಉಪಯೋಗಕ್ಕೆ ಬರಲಾರದೆಂಬುದು ಅದರೊಡನೆಯೇ ಸೇರಿದ ಇನ್ನೊಂದು ಮಾತು.

ಆಮಿಷವು ಕೆಲಸಮಾಡುವ ಬಗೆಯನ್ನು ತಿಳಿಯದೆ ಅದರ ಮೇಲೆ ಆರೋಪವನ್ನು ಹೊರಿಸುವುದೂ ನ್ಯಾಯವಲ್ಲ, ಅದನ್ನು ದೋಷಮುಕ್ತಗೊಳಿಸುವುದೂ ನ್ಯಾಯವಲ್ಲ. ಸಿಂಪಡಿಸುವ ಕೀಟನಾಶಕವು ಕಣ್ಣಿಗೆ ಬಿದ್ದ ಹುಳುವನ್ನು ಕೊಲ್ಲುತ್ತದೆ. ಆಮಿಷದ ಗುರಿಯಾದರೋ ಕಣ್ಣಿಗೆ ಬೀಳದ ಸಂತತಿ. ದುಡಿಯುವ ಇರುವೆಯು ಸಿಹಿಪಾಕವನ್ನು ಹೊಟ್ಟೆಯಲ್ಲಿ ತುಂಬಿಕೊಂಡು ಗೂಡಿಗೆ ಮರಳಿ, ಅದನ್ನು ಬಾಯಿಂದ ಬಾಯಿಗೆ ಹಂಚಿ, ಕಡೆಗೆ ಮರಿಗಳಿಗೂ ರಾಣಿಗೂ ಮುಟ್ಟಿಸಬೇಕು. ಜಿರಳೆಯು ಜೆಲ್ಲನ್ನು ಮೆದ್ದು ತನ್ನ ಬಿರುಕಿನೊಳಗೆ ಹೋಗಿ ಸತ್ತು, ತನ್ನ ಹಿಕ್ಕೆಯನ್ನೂ ಹೆಣವನ್ನೂ ತಿನ್ನುವ ಇತರ ಜಿರಳೆಗಳಿಗೆ ತಾನೇ ವಿಷಾಹಾರವಾಗಬೇಕು. ವಿಷವು ತೀಕ್ಷ್ಣವಾಗಿದ್ದರೆ ತಿಂದ ಹುಳು ಅಲ್ಲಿಯೇ ಬಿದ್ದು ಸಾಯುತ್ತದೆ, ಇಲ್ಲವೆ ರುಚಿಯ ವ್ಯತ್ಯಾಸವನ್ನರಿತು ತಿನ್ನದೆಯೇ ಹೋಗುತ್ತದೆ. ಎರಡು ಪಕ್ಷದಲ್ಲಿಯೂ ಗೂಡು ಉಳಿಯುತ್ತದೆ. ಆದುದರಿಂದ ಆಮಿಷದಲ್ಲಿ ವಿಷವು ಅಲ್ಪವಾಗಿರುವುದು ತಯಾರಕನ ದಯೆಯಿಂದಲ್ಲ, ಅವನ ಉಪಾಯದ ಅವಶ್ಯಕತೆಯಿಂದ. ನಮ್ಮ ಮನೆಯ ನಾಯಿಗೆ ದೊರೆತಿರುವ ರಕ್ಷಣೆಯು ಬಹುಮಟ್ಟಿಗೆ ಇರುವೆಯ ಸಾಮಾಜಿಕ ಜೀವನದಿಂದ ಒದಗಿಬಂದ ಆನುಷಂಗಿಕ ಫಲ.

ಹಿಂದಿನ ಕಾಲದ ಸ್ಥಿತಿ ಹೀಗಿರಲಿಲ್ಲವೆಂಬುದನ್ನು ಜ್ಞಾಪಿಸಿಕೊಳ್ಳುವುದು ಅಗತ್ಯ. ಏಕೆಂದರೆ ಮನೆಯ ಕೀಟವಿಷವೆಂದೊಡನೆ ನಮ್ಮಲ್ಲಿ ಹುಟ್ಟುವ ಭೀತಿಯ ಬೇರುಗಳು ಆ ಕಾಲದಲ್ಲಿವೆ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಪಾಶ್ಚಾತ್ಯ ದೇಶಗಳ ಮನೆಗಳಲ್ಲಿ ಇರುವೆಯ ಸಿಹಿಪಾಕಕ್ಕೆ ಪಾಷಾಣವನ್ನೂ ಥ್ಯಾಲಿಯಂ ಲವಣವನ್ನೂ ಬೆರೆಸುತ್ತಿದ್ದರು. ಜಿರಳೆಗೆ ಸೋಡಿಯಂ ಫ್ಲೋರೈಡಿನ ಬಿಳಿಯ ಪುಡಿಯನ್ನು ಎರಚುತ್ತಿದ್ದರು. 1942ರ ನವೆಂಬರ್ ತಿಂಗಳಲ್ಲಿ ಅಮೆರಿಕದ ಓರಿಗನ್ ಸಂಸ್ಥಾನದ ಸೇಲಂ ನಗರದ ಮಾನಸಿಕ ಚಿಕಿತ್ಸಾಲಯದಲ್ಲಿ ಈ ಜಿರಳೆಯ ಪುಡಿಯನ್ನು ಹಾಲಿನ ಪುಡಿಯೆಂದು ಭ್ರಮಿಸಿ ಮೊಟ್ಟೆಯ ಅಡುಗೆಯಲ್ಲಿ ಬೆರೆಸಿದ ಪರಿಣಾಮವಾಗಿ 47 ಮಂದಿ ಸತ್ತರು. ಥ್ಯಾಲಿಯಮ್ಮಿನ ಗೃಹಬಳಕೆಯನ್ನು ಆ ದೇಶ ನಿಲ್ಲಿಸಿದ್ದು 1965ರಲ್ಲಿ. ಅಂಥ ಆಮಿಷಗಳ ಕಾಲದಲ್ಲಿ ನಾಯಿಯೊಂದು ಡಬ್ಬಿಯನ್ನು ನೆಕ್ಕಿತೆಂದರೆ ಗಾಬರಿಗೆ ಬೇರೆ ಸಮರ್ಥನೆ ಬೇಕಿರಲಿಲ್ಲ.

ಈಗಿನ ಜೆಲ್ಲಿನ ಲೆಕ್ಕವನ್ನು ನೋಡೋಣ. ಜಿರಳೆಯ ಆಮಿಷಗಳಲ್ಲಿ ಬಹು ಬಳಕೆಯಲ್ಲಿರುವ ದ್ರವ್ಯಗಳಲ್ಲೊಂದಾದ ಫಿಪ್ರೊನಿಲ್ ಅವುಗಳಲ್ಲಿ ಶೇಕಡಾ 0.05ರಷ್ಟಿರುವುದು ಸಾಮಾನ್ಯ. ಎಂದರೆ, ಒಂದು ಗ್ರಾಂ ಜೆಲ್ಲಿನಲ್ಲಿ ಅರ್ಧ ಮಿಲಿಗ್ರಾಂ. 30 ಗ್ರಾಮಿನ ಪೂರ್ತಿ ಕೊಳವೆಯಲ್ಲಿ 15 ಮಿಲಿಗ್ರಾಂ. ಪ್ರಯೋಗಶಾಲೆಯ ಇಲಿಗಳಲ್ಲಿ ಅರ್ಧಪಾಲನ್ನು ಕೊಲ್ಲುವ ಪ್ರಮಾಣವು ಒಂದು ಕಿಲೋ ದೇಹಭಾರಕ್ಕೆ ಸುಮಾರು 97 ಮಿಲಿಗ್ರಾಂ. ಹತ್ತು ಕಿಲೋ ತೂಗುವ ನಾಯಿಯು ಕೊಳವೆಯನ್ನೇ ಅಗಿದು ಒಂದು ಹನಿಯನ್ನೂ ಬಿಡದೆ ತಿಂದರೂ ಅದಕ್ಕೆ ಕಿಲೋವೊಂದಕ್ಕೆ ಒಂದೂವರೆ ಮಿಲಿಗ್ರಾಂ ಮಾತ್ರ ಸಲ್ಲುತ್ತದೆ. ಕೀಲಿನ ಬಳಿಯ ಒಂದೆರಡು ಚುಕ್ಕೆಗಳನ್ನು ನೆಕ್ಕಿದ ನಾಯಿಗೆ ಸಲ್ಲುವುದು ಅದರ ನೂರರಲ್ಲೊಂದು ಪಾಲಿಗಿಂತಲೂ ಕಡಮೆ. ಇನ್ನೂ ಒಂದು ಸಂಗತಿಯುಂಟು: ಉಣ್ಣೆ ಚಿಗಟಗಳ ನಿವಾರಣೆಗಾಗಿ ಪಶುವೈದ್ಯರು ನಾಯಿಯ ಕತ್ತಿನ ಹಿಂಬದಿಯ ಚರ್ಮಕ್ಕೆ ಹನಿಸುವ ಔಷಧಿಗಳಲ್ಲಿ ಒಂದು ಇದೇ ಫಿಪ್ರೊನಿಲ್, ಹತ್ತರಿಂದ ಇಪ್ಪತ್ತು ಕಿಲೋ ತೂಗುವ ನಾಯಿಗೆ ಒಮ್ಮೆಗೆ ಹನಿಸುವ ಪ್ರಮಾಣ 134 ಮಿಲಿಗ್ರಾಂ. ಚರ್ಮದ ಮೂಲಕ ಒಳಸೇರುವುದಕ್ಕೂ ಬಾಯಿಯ ಮೂಲಕ ಒಳಸೇರುವುದಕ್ಕೂ ಭೇದವಿದೆಯೆಂಬುದನ್ನು ಒಪ್ಪಿಕೊಂಡರೂ, ಕೊಳವೆಯ ಹದಿನೈದು ಮಿಲಿಗ್ರಾಮನ್ನು ಕಂಡು ತತ್ತರಿಸುವ ಯಜಮಾನನು ಅದರ ಒಂಬತ್ತರಷ್ಟನ್ನು ತನ್ನ ಕೈಯಿಂದಲೇ ನಾಯಿಯ ಮೈಮೇಲೆ ಸುರಿದಿರುವ ಸಂಭವವುಂಟೆಂಬುದು ವಿಚಾರಾರ್ಹ. ಅತಿಯಾದರೆ ಅಮೃತವೂ ವಿಷವೆಂದು ನಮ್ಮ ಜನ ಹೇಳುತ್ತ ಬಂದಿರುವ ಮಾತಿಗೂ, ಪ್ರಮಾಣವೇ ವಿಷವನ್ನು ವಿಷವಾಗಿಸುತ್ತದೆಂದು ಯೂರೋಪಿನ ಪ್ಯಾರಸೆಲ್ಸಸ್ ಎಂಬ ವೈದ್ಯ 1538ರಲ್ಲಿ ಬರೆದ ಮಾತಿಗೂ ತಾತ್ಪರ್ಯದಲ್ಲಿ ಹೆಚ್ಚು ಅಂತರವಿಲ್ಲ.

ಇಷ್ಟನ್ನು ಕೇಳಿ ಅಲಕ್ಷ್ಯದ ಪಕ್ಷದವರು ಗೆದ್ದೆವೆಂದು ಭಾವಿಸುವುದಾದರೆ, ಅದೇ ಲೆಕ್ಕವನ್ನು ಇನ್ನೊಮ್ಮೆ ಮಾಡಿ ತೋರಿಸಬೇಕಾಗುತ್ತದೆ. ಅದೇ ಕೊಳವೆಯನ್ನು ಅರ್ಧ ಕಿಲೋ ತೂಗುವ ಬೆಕ್ಕಿನ ಮರಿಯೊಂದು ತಿಂದಿತೆನ್ನಿ; ಕಿಲೋವೊಂದಕ್ಕೆ 30 ಮಿಲಿಗ್ರಾಂ ಆಯಿತು. ಇಲಿಗಳಲ್ಲಿ ಅರ್ಧವನ್ನು ಕೊಲ್ಲುವ ಪ್ರಮಾಣದ ಮೂರರಲ್ಲೊಂದು ಪಾಲಿಗೆ ಇದು ಸಮೀಪ. ನಡುಕ, ಸೆಳೆತಗಳು ಕಾಣಿಸಿಕೊಳ್ಳುವುದಕ್ಕೆ ಮಾರಕ ಪ್ರಮಾಣದವರೆಗೆ ಹೋಗಬೇಕಾಗಿಯೂ ಇಲ್ಲ. ಇಲಿಯ ಮೇಲೆ ನಡೆದ ಪ್ರಯೋಗವು ಎಲ್ಲ ಪ್ರಾಣಿಗಳಿಗೂ ಸಾಕ್ಷಿಯಾಗಲಾರದೆಂಬುದು ಎರಡನೆಯ ತೊಡಕು. ಇದೇ ಫಿಪ್ರೊನಿಲ್ ಅಮೆರಿಕದ ಬಾಬ್‌ವೈಟ್ ಎಂಬ ಪುರಲೆಯ ಜಾತಿಯ ಹಕ್ಕಿಗೆ ಕಿಲೋವೊಂದಕ್ಕೆ 11 ಮಿಲಿಗ್ರಾಮಿನಷ್ಟರಲ್ಲೇ ಮಾರಕವಾದರೆ, ಬಾತುಕೋಳಿಯ ಒಂದು ಜಾತಿಗೆ 2000 ಮಿಲಿಗ್ರಾಂ ದಾಟಿದರೂ ಮಾರಕವಾಗಲಿಲ್ಲ. ನಾಯಿಯ ಮೈಗೆ ನಿರ್ಭಯವಾಗಿ ಹನಿಸುವ ಈ ಔಷಧಿಯನ್ನು ಮೊಲಕ್ಕೆ ಬಳಸಕೂಡದು. ನಾಯಿಗಳಿಗೆಂದು ತಯಾರಾದ ಪರ್ಮೆಥ್ರಿನ್ ಹನಿಗಳಿಂದ ಬೆಕ್ಕುಗಳು ಸೆಳೆತಕ್ಕೊಳಗಾಗಿ ಸಾಯುವುದುಂಟು. ಆ ದ್ರವ್ಯವನ್ನು ಅಪಾಯರಹಿತವಾಗಿಸಿ ಹೊರಹಾಕುವ ಸಾಮರ್ಥ್ಯವು ಬೆಕ್ಕಿನ ಯಕೃತ್ತಿನಲ್ಲಿ ಅತ್ಯಲ್ಪ. ಕಾಲಿ ಜಾತಿಯ ಅನೇಕ ನಾಯಿಗಳಲ್ಲಿ ಮಿದುಳಿಗೆ ವಿಷ ಹೋಗದಂತೆ ತಡೆಯುವ ವ್ಯವಸ್ಥೆಯ ವಂಶವಾಹಿಯೊಂದು ಕೆಟ್ಟಿರುವುದರಿಂದ, ಇತರ ನಾಯಿಗಳು ತಾಳಿಕೊಳ್ಳುವ ಅವರ್‌ಮೆಕ್ಟಿನ್ ವರ್ಗದ ದ್ರವ್ಯಗಳು ಅವುಗಳಿಗೆ ಅಪಾಯಕರವಾಗುತ್ತವೆ. ಈ ದೋಷವನ್ನು ವಿಜ್ಞಾನಿಗಳು ಗುರುತಿಸಿದ್ದು 2001ರಲ್ಲಿ. ಕೆಲವು ಇರುವೆ ಜಿರಳೆಗಳ ಆಮಿಷಗಳಲ್ಲಿರುವ ಅಬಮೆಕ್ಟಿನ್ ಇದೇ ವರ್ಗಕ್ಕೆ ಸೇರಿದ್ದು. ಆದುದರಿಂದ ‘ಪ್ರಾಣಿಗೆ ಏನೂ ಆಗುವುದಿಲ್ಲ’ ಎಂಬ ವಾಕ್ಯ ಅಪೂರ್ಣ. ಯಾವ ಪ್ರಾಣಿ, ಎಷ್ಟು ತೂಕ, ಯಾವ ದ್ರವ್ಯ, ಎಷ್ಟು ಎಂಬ ನಾಲ್ಕು ಸ್ಥಾನಗಳು ಭರ್ತಿಯಾದಮೇಲೆಯೇ ಅದಕ್ಕೆ ಅರ್ಥ ಬರುತ್ತದೆ.

ಮೂರನೆಯ ತೊಡಕು ಇವೆರಡಕ್ಕಿಂತಲೂ ನಮ್ಮ ನಾಡಿಗೆ ಹತ್ತಿರವಾದದ್ದು. ಎಲ್ಲ ಆಮಿಷಗಳೂ ಕಾರ್ಖಾನೆಯ ಕೊಳವೆಯಿಂದ ಬಂದವಲ್ಲ. ಅಂಗಡಿಯ ಜೆಲ್ಲಿಗೆ ಅಂಜಿ, ಮನೆಮದ್ದೆಂಬ ನಂಬುಗೆಯಿಂದ ಬೋರಿಕ್ ಪುಡಿಯನ್ನು ಗೋಧಿಹಿಟ್ಟು, ಸಕ್ಕರೆ, ಹಾಲುಗಳೊಡನೆ ಕಲಸಿ ಉಂಡೆಮಾಡಿ ಮೂಲೆಮೂಲೆಗಳಲ್ಲಿ ಇಡುವ ಮನೆಗಳು ಎಷ್ಟೋ ಇವೆ. ಬೋರಿಕ್ ಆಮ್ಲವು ಫಿಪ್ರೊನಿಲ್ಲಿಗಿಂತ ಬಹು ಸೌಮ್ಯವೆಂಬುದು ನಿಜ. ಆದರೆ ಅಂಗಡಿಯ ಜೆಲ್ಲಿನಲ್ಲಿ ವಿಷವು ಎರಡು ಸಾವಿರದಲ್ಲೊಂದು ಪಾಲಿದ್ದರೆ, ಕೈಅಳತೆಯಿಂದ ಕಲಸಿದ ಉಂಡೆಯಲ್ಲಿ ಅದು ಅರ್ಧಪಾಲೂ ಇರಬಹುದು. ಐದು ಗ್ರಾಮಿನ ಅಂಥ ಒಂದು ಉಂಡೆಯನ್ನು ಐದು ಕಿಲೋ ತೂಕದ ನಾಯಿಯು ನುಂಗಿದರೆ ಕಿಲೋವೊಂದಕ್ಕೆ 500 ಮಿಲಿಗ್ರಾಂ ಬೋರಿಕ್ ಆಮ್ಲ ಒಳಸೇರುತ್ತದೆ. ಹಾಲು ಹಿಟ್ಟುಗಳ ಉಂಡೆಯನ್ನು ಕಂಡ ನಾಯಿ ಒಂದಕ್ಕೇ ತೃಪ್ತವಾಗುವುದೂ ಸಂದೇಹ. ವಾಂತಿ ಭೇದಿಗಳು ಅದರ ಸಾಮಾನ್ಯ ಫಲ, ಪ್ರಮಾಣ ಮೀರಿದರೆ ಮೂತ್ರಪಿಂಡಗಳಿಗೂ ಹಾನಿ. ಮನೆಯಲ್ಲಿ ಮಾಡಿದ್ದರಿಂದ ವಿಷವು ಸಾಧುವಾಗುವುದಿಲ್ಲ. ಅದರ ಅಳತೆ ಮಾತ್ರ ಅಜ್ಞಾತವಾಗುತ್ತದೆ.

ಮನೆಯ ಹೊಸಿಲನ್ನು ದಾಟಿ ಹೊಲಕ್ಕೆ ಹೋದರೆ ಆಮಿಷದ ಸ್ವರೂಪವೇ ಬೇರೆ. 2018ರಲ್ಲಿ ಭಾರತದಲ್ಲಿ ಮೊತ್ತಮೊದಲಿಗೆ ಕರ್ನಾಟಕದ ಮೆಕ್ಕೆಜೋಳದ ಹೊಲಗಳಲ್ಲಿಯೇ ಕಾಣಿಸಿಕೊಂಡ ಫಾಲ್ ಸೈನಿಕ ಹುಳುವಿನ ನಿಯಂತ್ರಣಕ್ಕೆ ಕೃಷಿವಿಜ್ಞಾನಿಗಳು ಸೂಚಿಸಿದ ಉಪಾಯಗಳಲ್ಲೊಂದು ಹೀಗಿದೆ: ಹತ್ತು ಕಿಲೋ ಅಕ್ಕಿತೌಡಿಗೆ ಎರಡು ಕಿಲೋ ಬೆಲ್ಲವನ್ನೂ ಎರಡು ಮೂರು ಲೀಟರು ನೀರನ್ನೂ ಸೇರಿಸಿ ಒಂದು ದಿನ ಹುಳಿಯಲು ಬಿಟ್ಟು, ಬಳಸುವುದಕ್ಕೆ ಅರ್ಧ ಗಂಟೆ ಮುಂಚೆ ನೂರು ಗ್ರಾಂ ಥಯೋಡಿಕಾರ್ಬ್ ಬೆರೆಸಿ, ಬೆಳೆಯ ಸುಳಿಯೊಳಗೆ ಉದುರಿಸತಕ್ಕದ್ದು. ರೈತರು ವಿಷಪಾಷಾಣವೆಂದು ಕರೆಯುವ ಇಂಥ ಮಿಶ್ರಣದಲ್ಲಿರುವುದು ಕಾರ್ಬಮೇಟ್ ವರ್ಗದ ವಿಷ. ಅದು ನರಗಳ ಸಂದೇಶವನ್ನು ನಿಲ್ಲಿಸತಕ್ಕ ಕಿಣ್ವವನ್ನೇ ಕಟ್ಟಿಹಾಕಿ, ತಿಂದ ಪ್ರಾಣಿಯಲ್ಲಿ ಜೊಲ್ಲು, ಕಣ್ಣೀರು, ಭೇದಿ, ನಡುಕ, ಉಸಿರಾಟದ ಕಷ್ಟಗಳನ್ನು ಬೇಗನೆಯೇ ಉಂಟುಮಾಡುತ್ತದೆ. ಸುಳಿಯೊಳಗೆ ಬಿದ್ದ ತೌಡಿಗೆ ನಾಯಿಯ ಬಾಯಿ ಹೋಗದಿರಬಹುದು. ಕಲಸಿದ ಬಕೆಟ್ಟನ್ನು ಹಿತ್ತಿಲಿನಲ್ಲಿ ಮರೆತರೆ ಹುಳಿತ ಬೆಲ್ಲದ ವಾಸನೆಯು ನಾಯಿಯನ್ನೂ ಕೋಳಿಯನ್ನೂ ಕರುವನ್ನೂ ಸಮಾನವಾಗಿ ಆಹ್ವಾನಿಸುತ್ತದೆ. ನಗರದ ಅಡುಗೆಮನೆಯ ಜೆಲ್ಲಿನ ವಿಷಯದಲ್ಲಿ ಸಾಂತ್ವನ ನೀಡುವ ವಾದವನ್ನು ಹಳ್ಳಿಯ ಹಿತ್ತಿಲಿನ ಈ ಬಕೆಟ್ಟಿಗೆ ಅನ್ವಯಿಸುವುದು ಪ್ರಾಣಾಂತಿಕವಾದ ಪ್ರಮಾದ.

ಹೀಗೆ ಅಪರಾಧವೆಸಗುವ ಶಕ್ತಿಯು ಆಮಿಷಕ್ಕೆ ಕೆಲವೆಡೆ ಉಂಟು, ಕೆಲವೆಡೆ ಇಲ್ಲವೆಂದಾದ ಮೇಲೆ, ಒಂದು ನಿರ್ದಿಷ್ಟ ಕಾಯಿಲೆಗೆ ಅದೇ ಕಾರಣವೆ ಎಂಬುದನ್ನು ಅರಿಯುವ ಬಗೆ ಯಾವುದು? ನಮ್ಮ ನ್ಯಾಯಶಾಸ್ತ್ರಜ್ಞರು ಕಾರಣದ ಲಕ್ಷಣವನ್ನು ಹೇಳುವಾಗ ಕಾರ್ಯಕ್ಕಿಂತ ಮೊದಲು ಇದ್ದಮಾತ್ರದಿಂದ ಯಾವುದೂ ಕಾರಣವಾಗದೆಂದು ಎಚ್ಚರಿಸಿದ್ದಾರೆ. ಅದು ನಿಯತವಾಗಿ ಪೂರ್ವದಲ್ಲಿರಬೇಕು, ಜೊತೆಗೆ ಅನ್ಯಥಾಸಿದ್ಧವಾಗಿರಬಾರದು, ಎಂದರೆ ಅದಿಲ್ಲದೆಯೂ ಕಾರ್ಯವು ಸಿದ್ಧಿಸುವಂತಿರಬಾರದು. ಗಡಿಗೆ ಹುಟ್ಟುವುದಕ್ಕೆ ಮೊದಲು ಮಣ್ಣು ಹೊತ್ತುತಂದ ಕುಂಬಾರನ ಕತ್ತೆ ಅಲ್ಲಿತ್ತೆಂಬುದು ನಿಜವಾದರೂ, ಅದು ಗಡಿಗೆಯ ಕಾರಣಗಳಲ್ಲಿ ಸೇರದು. ಎರಡು ದಿನದ ಹಿಂದೆ ಇಟ್ಟ ಜೆಲ್ಲು ಈ ಪ್ರಸಂಗದಲ್ಲಿ ವಿಷವೋ, ಕತ್ತೆಯೋ? ಇದನ್ನು ನಿರ್ಧರಿಸಲು ಪಶುವೈದ್ಯನು ಕೇಳುವ ಪ್ರಶ್ನೆಗಳು ಮುಖ್ಯವಾಗಿ ಮೂರು: ಕಾಲ ಹೊಂದುತ್ತದೆಯೆ, ಲಕ್ಷಣ ಹೊಂದುತ್ತದೆಯೆ, ಪ್ರಮಾಣ ಸಾಲುತ್ತದೆಯೆ?

ಕಾಲದ ಸಾಕ್ಷ್ಯವು ಬಹು ಉಪಯುಕ್ತವಾದದ್ದು. ಕಾರ್ಬಮೇಟ್ ಮತ್ತು ಆರ್ಗನೋಫಾಸ್ಫೇಟ್ ವಿಷಗಳು ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ತಮ್ಮನ್ನು ಪ್ರಕಟಿಸಿಕೊಳ್ಳುತ್ತವೆ. ಬೆಕ್ಕಿನಲ್ಲಿ ಪರ್ಮೆಥ್ರಿನ್ನಿನ ನಡುಕವೂ ಗಂಟೆಗಳ ಮಾತು. ಇದಕ್ಕೆ ವಿರುದ್ಧವಾಗಿ, ಬ್ರೊಮಾಡಯೋಲೋನ್ ಮುಂತಾದ ಇಲಿಪಾಷಾಣವನ್ನು ತಿಂದ ನಾಯಿಯು ಎರಡರಿಂದ ಐದು ದಿನಗಳವರೆಗೆ ಆರೋಗ್ಯವಾಗಿಯೇ ಓಡಾಡಿಕೊಂಡಿದ್ದು, ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದಿದ ಬಳಿಕ ಒಳಗೊಳಗೇ ರಕ್ತಸ್ರಾವದಿಂದ ಕುಸಿಯುತ್ತದೆ. ಇನ್ನು ರೋಗಗಳ ಲೆಕ್ಕ: ಲಸಿಕೆಯಿಲ್ಲದ ಮರಿಯಲ್ಲಿ ವಾಂತಿಯೊಡನೆ ರಕ್ತಮಿಶ್ರಿತ ಭೇದಿ ಕಂಡರೆ ಪಾರ್ವೊ ವೈರಾಣುವಿನ ಶಂಕೆ ಮೊದಲು ಬರಬೇಕು, ಅದು ಮರಿಯನ್ನು ಸೇರಿ ಕೆಲವು ದಿನಗಳು ಕಳೆದಮೇಲೆಯೇ ಲಕ್ಷಣಗಳು ತೋರುವುದರಿಂದ, ಆ ನಡುವೆ ಮನೆಯಲ್ಲಿ ಜೆಲ್ಲು ಇಟ್ಟಿದ್ದರೆ ಆರೋಪವು ಅನಾಯಾಸವಾಗಿ ಅದರ ತಲೆಗೆ ಕಟ್ಟಿಕೊಳ್ಳುತ್ತದೆ. ಊಟ ಬಿಟ್ಟು, ಜ್ವರದಿಂದ ಕುಗ್ಗಿ, ಒಸಡು ಬಿಳಿಚಿಕೊಂಡ ನಾಯಿಯಲ್ಲಿ ಒಂದರಿಂದ ಮೂರು ವಾರಗಳ ಹಿಂದೆ ಕಚ್ಚಿದ ಉಣ್ಣೆಯಿಂದ ಬಂದ ಎರ್ಲಿಕಿಯ ಜ್ವರವಿರುವುದು ನಮ್ಮ ಊರುಗಳಲ್ಲಿ ಅಪರೂಪವಲ್ಲ. ಮಳೆಗಾಲದಲ್ಲಿ ಇರುವೆ ಜಿರಳೆಗಳೂ ಮನೆಯೊಳಗೆ ಸೇರುತ್ತವೆ, ಇಲಿಯ ಮೂತ್ರದಿಂದ ಹರಡುವ ಲೆಪ್ಟೊಸ್ಪೈರಾ ರೋಗವೂ ಹೆಚ್ಚುತ್ತದೆ. ಒಂದೇ ಋತು ಆಮಿಷವನ್ನೂ ರೋಗವನ್ನೂ ಜೊತೆಯಲ್ಲಿಯೇ ತಂದು ನಿಲ್ಲಿಸಿದಾಗ ಅವೆರಡಕ್ಕೆ ಕಾರ್ಯಕಾರಣಸಂಬಂಧವನ್ನು ಕಲ್ಪಿಸಿದರೆ ಅದು ಕಾಕತಾಳೀಯಕ್ಕೆ ಶರಣಾದಂತೆಯೇ ಸರಿ. ಇಲ್ಲಿಯ ತಪ್ಪು ಕೇವಲ ತರ್ಕದ ತಪ್ಪಲ್ಲ. ಜೆಲ್ಲನ್ನು ತೊಳೆದು, ಹುಡುಗನನ್ನು ಬೈದು, ವಿಷ ಇಳಿಯಲೆಂದು ಕಾದು ಕುಳಿತ ಎರಡು ದಿನಗಳಲ್ಲಿ ಪಾರ್ವೊ ತಗುಲಿದ ಮರಿ ನಿರ್ಜಲೀಕರಣದಿಂದ ಸಾಯುತ್ತದೆ; ಸಕಾಲದಲ್ಲಿ ರಕ್ತನಾಳಕ್ಕೆ ದ್ರವ ಕೊಟ್ಟಿದ್ದರೆ ಬದುಕುಳಿಯುವ ಸಂಭವವಿತ್ತು.

ಮೊದಲ ತೀರ್ಪು ಎಷ್ಟು ಸುಲಭವಾಗಿ ದಾರಿತಪ್ಪುತ್ತದೆಂಬುದಕ್ಕೆ ಇತಿಹಾಸದಲ್ಲಿ ನಿದರ್ಶನಗಳಿವೆ. 2007ರ ಮಾರ್ಚ್ ತಿಂಗಳಲ್ಲಿ ಉತ್ತರ ಅಮೆರಿಕದಲ್ಲಿ ಸಾಕುಬೆಕ್ಕು ನಾಯಿಗಳು ಮೂತ್ರಪಿಂಡಗಳು ಕೆಟ್ಟು ಸಾಯಲಾರಂಭಿಸಿ, ಹಲವು ಹೆಸರುಗಳಲ್ಲಿ ಮಾರಾಟವಾಗುತ್ತಿದ್ದ ಕೋಟ್ಯಂತರ ಡಬ್ಬಿಗಳ ಆಹಾರವನ್ನು ತಯಾರಕರು ಹಿಂದಕ್ಕೆ ಪಡೆದರು. ಆ ತಿಂಗಳ 23ರಂದು ನ್ಯೂಯಾರ್ಕ್ ಸಂಸ್ಥಾನದ ಅಧಿಕಾರಿಗಳು ಆಹಾರದಲ್ಲಿ ಅಮಿನಾಪ್ಟೆರಿನ್ ಎಂಬ ಇಲಿವಿಷವು ದೊರೆತಿದೆಯೆಂದು ಪ್ರಕಟಿಸಿದರು. ಜನರಿಗೆ ಅದು ನಂಬಲು ಯೋಗ್ಯವಾದ ಉತ್ತರವಾಗಿಯೇ ಕಂಡಿತು. ಒಂದು ವಾರದೊಳಗೆ ಕೇಂದ್ರಸರಕಾರದ ಪರೀಕ್ಷಕರು ಹೇಳಿದ ಕಾರಣ ಬೇರೆಯಾಗಿತ್ತು: ಚೀನದಿಂದ ಬಂದ ಗೋಧಿಯ ಅಂಟಿನಲ್ಲಿ, ಪ್ರೋಟೀನಿನ ಅಂಶ ಹೆಚ್ಚಾಗಿ ತೋರಲೆಂದು ಬೆರೆಸಿದ್ದ ಮೆಲಮೈನ್. ಅದು ಸಯನೂರಿಕ್ ಆಮ್ಲದೊಡನೆ ಕೂಡಿ ಮೂತ್ರಪಿಂಡಗಳಲ್ಲಿ ಹರಳುಗಟ್ಟುತ್ತಿತ್ತು. ಎಂದರೆ, ಇಲಿಗೆ ವಿಷವಿಕ್ಕಿದ ಯಾವನೋ ಅಜಾಗರೂಕನಲ್ಲ, ಲಾಭಕ್ಕಾಗಿ ಕಲಬೆರಕೆ ಮಾಡಿದ ವಂಚಕನು ಅಪರಾಧಿ. ಮೊದಲ ಉತ್ತರದಲ್ಲಿಯೇ ವಿಚಾರಣೆ ನಿಂತಿದ್ದರೆ ಆ ವಂಚನೆ ಬಯಲಾಗುತ್ತಿರಲಿಲ್ಲ.

ನಮ್ಮ ಮಲೆನಾಡಿನದೇ ಒಂದು ಸಂಗತಿಯನ್ನು ಇದರ ಜೊತೆಯಲ್ಲಿಟ್ಟು ನೋಡಬೇಕು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಜನರ ಸೊಂಟ ಮೊಣಕಾಲುಗಳನ್ನು ಕುಗ್ಗಿಸಿ ಊನಗೊಳಿಸುವ ರೋಗವೊಂದು ಬೆಳಕಿಗೆ ಬಂದಾಗ, ಭತ್ತದ ಗದ್ದೆಗಳಿಗೆ ಹೊಡೆದ ಕೀಟನಾಶಕವು ಏಡಿಗಳ ಮೂಲಕ ಬಡವರ ಹೊಟ್ಟೆಯನ್ನು ಸೇರಿದ್ದೇ ಅದಕ್ಕೆ ಕಾರಣವೆಂಬ ಸಂಶಯ ಬಲವಾಗಿ ಹಬ್ಬಿತು. ಹೊಸ ವಿಷಗಳು ಹೊಲಕ್ಕಿಳಿದ ಆ ಕಾಲದಲ್ಲಿ ಅದು ಅಸಂಗತವಾದ ಸಂಶಯವೂ ಆಗಿರಲಿಲ್ಲ. ಮುಂದಿನ ವರ್ಷಗಳ ಅಧ್ಯಯನಗಳು ಕುಟುಂಬಗಳ ವಂಶಾವಳಿಯನ್ನು ಹಿಡಿದು ಪರೀಕ್ಷಿಸಿದಾಗ ಅದು ಅನುವಂಶೀಯವಾದ ಅಸ್ಥಿವಿಕಾರವೆಂದು ತಿಳಿದುಬಂತು. ಏಡಿಯನ್ನು ಬಿಟ್ಟಮಾತ್ರಕ್ಕೆ ಆ ರೋಗ ಬಿಡುತ್ತಿರಲಿಲ್ಲ.

ಈ ಎರಡು ದೃಷ್ಟಾಂತಗಳನ್ನು ಕೇಳಿದವರು ಸಂಶಯವೇ ಕೂಡದೆಂಬ ತೀರ್ಮಾನಕ್ಕೆ ಬರಬಾರದು. ಅದಕ್ಕಾಗಿ ಮೂರನೆಯದೊಂದನ್ನು ಹೇಳುವುದು ಅವಶ್ಯ. ಜಪಾನಿನ ಮಿನಮಾಟ ಕೊಲ್ಲಿಯ ದಡದಲ್ಲಿ, 1956ರ ಮೇ ತಿಂಗಳಲ್ಲಿ ಮನುಷ್ಯರ ರೋಗವು ಅಧಿಕೃತವಾಗಿ ದಾಖಲಾಗುವುದಕ್ಕೆ ಮೊದಲೇ, ಬೆಸ್ತರ ಮನೆಗಳ ಬೆಕ್ಕುಗಳು ಕುಣಿದಂತೆ ತೊನೆದಾಡಿ, ಸೆಳೆತದಿಂದ ಬಿದ್ದು ಸತ್ತಿದ್ದವು. ರಾಸಾಯನಿಕ ಕಾರ್ಖಾನೆಯು ಸಮುದ್ರಕ್ಕೆ ಬಿಡುತ್ತಿದ್ದ ಪಾದರಸವು ಮೀನಿನ ಮೂಲಕ ಅವುಗಳನ್ನು ಸೇರಿತ್ತು. ಆ ಕಾರ್ಖಾನೆಯ ಆಸ್ಪತ್ರೆಯ ವೈದ್ಯ ಹೊಸೊಕಾವಾ ಅವರು ಕಾರ್ಖಾನೆಯ ತ್ಯಾಜ್ಯವನ್ನು ಬೆಕ್ಕಿಗೆ ಉಣಿಸಿ, 1959ರಲ್ಲಿ ಅದೇ ರೋಗವು ಹುಟ್ಟುವುದನ್ನು ಕಂಡರು; ಸಂಸ್ಥೆಯು ಆ ಫಲಿತಾಂಶವನ್ನು ಮುಚ್ಚಿಟ್ಟಿತು. ಸರಕಾರ ಕಾರಣವನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 1968ರಲ್ಲಿ. ಮನೆಯ ಪ್ರಾಣಿಯು ನಮಗಿಂತ ನೆಲಕ್ಕೆ ಹತ್ತಿರ, ಮೈಯಲ್ಲಿ ಚಿಕ್ಕದು, ನೆಕ್ಕಿ ಮೂಸಿ ಲೋಕವನ್ನು ಅರಿಯತಕ್ಕದ್ದು. ಮನೆಯಲ್ಲಿರುವ ವಿಷ ಅದಕ್ಕೆ ಮೊದಲು ತಟ್ಟುತ್ತದೆ, ತೆವಳುವ ಕೂಸಿಗೆ ಅನಂತರ. ಆದಕಾರಣ ನಾಯಿಯ ವಾಂತಿಯ ಬಗೆಗಿನ ಸಂಶಯವನ್ನು ಗೇಲಿಮಾಡುವವನು ತನ್ನ ಮಗುವಿಗೆ ಬರಬಹುದಾದ ಎಚ್ಚರಿಕೆಯನ್ನೂ ಗೇಲಿಮಾಡುತ್ತಿರುವನು.

ಮೂರು ದೃಷ್ಟಾಂತಗಳನ್ನೂ ಒಟ್ಟಿಗೆ ನೋಡಿದರೆ ಹೊರಡುವ ತತ್ತ್ವ ಇದು: ಸಂಶಯದ ಬೆಲೆ ಅದು ಸರಿಯೋ ತಪ್ಪೋ ಎಂಬುದರಲ್ಲಿಲ್ಲ, ಅದನ್ನು ಪರೀಕ್ಷಿಸಲು ಆಸ್ಪದವಿದೆಯೋ ಇಲ್ಲವೋ ಎಂಬುದರಲ್ಲಿದೆ. ಮನೆಯ ಮಟ್ಟಿಗೆ ಆ ಆಸ್ಪದವನ್ನು ಕಲ್ಪಿಸುವುದು ಕಷ್ಟಸಾಧ್ಯವೇನಲ್ಲ. ಆಮಿಷದ ಪೊಟ್ಟಣವನ್ನು ಎಸೆಯದೆ ಇಟ್ಟುಕೊಳ್ಳುವುದು, ಎಲ್ಲೆಲ್ಲಿ ಎಷ್ಟೆಷ್ಟು ಇಟ್ಟೆವೆಂಬುದನ್ನೂ ಯಾವ ದಿನವೆಂಬುದನ್ನೂ ಗುರುತು ಹಾಕಿಕೊಳ್ಳುವುದು, ಪೆಸ್ಟ್ ಕಂಟ್ರೋಲಿನವರು ಬಂದರೆ ಬಳಸಿದ ದ್ರವ್ಯದ ಹೆಸರನ್ನು ರಶೀದಿಯ ಮೇಲೆ ಬರೆಸಿಕೊಳ್ಳುವುದು, ಇಷ್ಟೆ. ಪ್ರಾಣಿಯು ಕಾಯಿಲೆ ಬಿದ್ದೊಡನೆ ಈ ಪೊಟ್ಟಣವೂ, ಉಳಿದ ಆಮಿಷವೂ, ವಾಂತಿಯ ಒಂದಿಷ್ಟು ಭಾಗವೂ ಪ್ರಾಣಿಯ ಜೊತೆಯಲ್ಲಿ ವೈದ್ಯರ ಮೇಜನ್ನು ಮುಟ್ಟಬೇಕು. ಹೆಸರಿದ್ದರೆ ಚಿಕಿತ್ಸೆಯಿದೆ: ಕಾರ್ಬಮೇಟಿಗೆ ಅಟ್ರೋಪಿನ್, ಬ್ರೊಮಾಡಯೋಲೋನಿಗೆ ಕೆ1 ಜೀವಸತ್ತ್ವ, ಒಂದರ ಮದ್ದು ಇನ್ನೊಂದಕ್ಕೆ ನಿಷ್ಪ್ರಯೋಜಕ. ಹೆಸರಿಲ್ಲದಿದ್ದರೆ ವೈದ್ಯನೂ ಊಹೆಯಿಂದಲೇ ನಡೆಯಬೇಕಾಗುತ್ತದೆ. ಹಾಗೆಂದು ವೈದ್ಯರನ್ನು ಮುಟ್ಟುವ ಮುನ್ನ ಸ್ವಂತ ಬುದ್ಧಿಯಿಂದ ಉಪ್ಪುನೀರನ್ನು ಗಂಟಲಿಗೆ ಹೊಯ್ದು ವಾಂತಿಮಾಡಿಸಲು ಹೊರಡುವುದು ಸಾಹಸವೆನಿಸೀತೇ ಹೊರತು ವಿವೇಕವೆನಿಸದು: ನಡುಗುತ್ತಿರುವ ಪ್ರಾಣಿಯ ಶ್ವಾಸಕೋಶಕ್ಕೆ ಆ ನೀರು ಇಳಿಯಬಹುದು, ಉಪ್ಪೇ ರಕ್ತಕ್ಕೇರಿ ಹೊಸ ವಿಷವಾಗಬಹುದು. ಡಬ್ಬಿಯ ಪ್ಲಾಸ್ಟಿಕ್ಕನ್ನು ನುಂಗಿದ್ದರೆ ಆಮಿಷಕ್ಕಿಂತ ಆ ಚೂರೇ ಕರುಳಿಗೆ ಅಡ್ಡವಾಗಿ ಕಾಯಿಲೆಯನ್ನು ತಂದಿರಬಹುದೆಂಬುದನ್ನೂ ವೈದ್ಯರಿಗೆ ತಿಳಿಸಬೇಕು. ಪ್ರಾಣಿಯು ಸತ್ತೇಹೋದರೆ, ಯಾರನ್ನಾದರೂ ದೂರುವುದಕ್ಕೆ ಮುನ್ನ ಶವಪರೀಕ್ಷೆಗೆ ಒಪ್ಪಿಕೊಳ್ಳಬೇಕು. ದುಃಖದಲ್ಲಿ ಅದು ಕಠಿಣ. ಆದರೆ ಪರೀಕ್ಷೆಯನ್ನು ನಿರಾಕರಿಸಿ ಆರೋಪವನ್ನು ಮಾತ್ರ ಉಳಿಸಿಕೊಳ್ಳುವುದು ನೆರೆಯವನಿಗೂ, ದಿನಗೂಲಿಗೆ ಜೆಲ್ಲು ಇಟ್ಟುಹೋದ ಹುಡುಗನಿಗೂ ಮಾಡುವ ಅನ್ಯಾಯ.

ಮನೆಯವರ ಕರ್ತವ್ಯ ಇಲ್ಲಿಗೆ ಮುಗಿದರೆ ಮಾರುವವರದೂ ಸರಕಾರದ್ದೂ ಆರಂಭವಾಗುತ್ತದೆ. 1958ರಲ್ಲಿ ಕೇರಳದಲ್ಲಿ, ಹಡಗಿನಲ್ಲಿ ಸಾಗಿಸುವಾಗ ಪ್ಯಾರಾಥಿಯಾನ್ ಎಂಬ ಕೀಟನಾಶಕ ತಗುಲಿದ ಆಹಾರಪದಾರ್ಥವನ್ನುಂಡು ನೂರಕ್ಕೂ ಹೆಚ್ಚು ಜನ ಸತ್ತ ದುರಂತದ ಹಿನ್ನೆಲೆಯಲ್ಲಿಯೇ ನಮ್ಮ 1968ರ ಕೀಟನಾಶಕ ಅಧಿನಿಯಮವು ಹುಟ್ಟಿತು. ಅದರ ನಿಯಮಗಳಂತೆ ಪ್ರತಿಯೊಂದು ಪೊಟ್ಟಣದ ಮೇಲೆಯೂ ದ್ರವ್ಯದ ಹೆಸರು, ಪ್ರಮಾಣ, ಪ್ರತಿವಿಷಗಳ ಜೊತೆಗೆ, ವಿಷದ ತೀವ್ರತೆಯನ್ನು ಸೂಚಿಸುವ ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳಲ್ಲೊಂದರ ಚಿಹ್ನೆ ಇರತಕ್ಕದ್ದು. ಕೆಂಪು ಅತ್ಯುಗ್ರ, ಹಸಿರು ಅತ್ಯಲ್ಪ. ಅಕ್ಷರ ಬಾರದವನಿಗೂ ಬಣ್ಣ ತಿಳಿಯಲೆಂಬ ಈ ವ್ಯವಸ್ಥೆ ವಿವೇಕದ್ದು. ಆದರೆ ಸಂತೆಯಲ್ಲಿ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡುವ ಹೆಸರಿಲ್ಲದ ಪುಡಿಗೂ, ದೊಡ್ಡ ಡಬ್ಬಿಯಿಂದ ಹಳೆಯ ಶರಬತ್ತಿನ ಸೀಸೆಗೆ ಬಗ್ಗಿಸಿಕೊಟ್ಟ ದ್ರವಕ್ಕೂ ಬಣ್ಣವೂ ಇಲ್ಲ, ಭಾಷೆಯೂ ಇಲ್ಲ. ಲೇಬಲ್ಲು ಇರುವಲ್ಲಿಯೂ ಅದರ ಅಕ್ಷರಗಳು ಇರುವೆಗಿಂತ ಚಿಕ್ಕವು. ಮನುಷ್ಯರ ವಿಷಪ್ರಸಂಗಗಳಲ್ಲಿ ವೈದ್ಯರಿಗೆ ಹಗಲಿರುಳೂ ಸಲಹೆ ನೀಡಲು ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ 1995ರಿಂದ ರಾಷ್ಟ್ರೀಯ ವಿಷಮಾಹಿತಿ ಕೇಂದ್ರವು ಕೆಲಸಮಾಡುತ್ತಿದೆ. ಅಮೆರಿಕದ ಇಲಿನಾಯ್‌ನಲ್ಲಿಯೂ ಬ್ರಿಟನ್ನಿನಲ್ಲಿಯೂ ಪ್ರಾಣಿಗಳಿಗಾಗಿಯೇ ಅಂಥ ಕೇಂದ್ರಗಳು ಅನೇಕ ವರ್ಷಗಳಿಂದ ಕರೆಗಳನ್ನು ದಾಖಲಿಸುತ್ತ ಬಂದಿವೆ. ಒಂದೊಂದು ಕರೆಯೂ ಒಂದೊಂದು ಸಂಶಯ. ಸಾವಿರಾರು ಸಂಶಯಗಳನ್ನು ತೂಕ, ದ್ರವ್ಯ, ಕಾಲ, ಲಕ್ಷಣಗಳೊಡನೆ ಒಂದೆಡೆ ಬರೆದಿಟ್ಟಾಗ ಮಾತ್ರ ಯಾವುದು ಕತ್ತೆ, ಯಾವುದು ಮಣ್ಣು ಎಂಬುದು ಸ್ಪಷ್ಟವಾಗುತ್ತದೆ. ಪಶುವೈದ್ಯ ಕಾಲೇಜುಗಳುಳ್ಳ ನಮ್ಮ ರಾಜ್ಯದಲ್ಲಿ ಇಂಥ ದಾಖಲೆಯ ಪದ್ಧತಿಯನ್ನು ಆಸ್ಪತ್ರೆಗಳೆಲ್ಲ ಸೇರಿ ರೂಢಿಗೆ ತರುವುದು ದುಬಾರಿಯ ಕೆಲಸವೇನೂ ಆಗಲಾರದು.

ಕಡೆಯದಾಗಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಇಷ್ಟೆಲ್ಲ ಜಾಗರೂಕತೆಯ ಬದಲು ಆಮಿಷವನ್ನೇ ಮನೆಯಿಂದ ಹೊರಹಾಕಿದರಾಗದೆ ಎಂದು ಕೇಳುವವರಿದ್ದಾರೆ. ಅನ್ನವನ್ನು ಮುಚ್ಚಿಟ್ಟು, ಒದ್ದೆಯನ್ನು ಒರೆಸಿ, ಬಿರುಕುಗಳನ್ನು ತುಂಬಿ ಹುಳುವನ್ನು ದೂರವಿಡಬಲ್ಲವರು ಹಾಗೆಯೇ ಮಾಡುವುದು ಉತ್ತಮ. ಆದರೆ ಬಹುಮಹಡಿಯ ಕಟ್ಟಡಗಳಲ್ಲಿ ಒಂದು ಮನೆಯ ಶುಚಿತ್ವವು ಇನ್ನೊಂದು ಮನೆಯ ಕೊಳವೆಯಿಂದ ಬರುವ ಜಿರಳೆಯನ್ನು ತಡೆಯಲಾರದು. ಅಲ್ಲಿ ಆಮಿಷವನ್ನು ಬಿಟ್ಟವರು ಸಾಮಾನ್ಯವಾಗಿ ಸಿಂಪರಣೆಗೆ ಕೈಹಾಕುತ್ತಾರೆ. ನೆಲದ ಮೇಲೆಲ್ಲ ಹರಡಿ, ಪ್ರಾಣಿಯ ಪಾದಕ್ಕೆ ಅಂಟಿ, ಅದು ಪಾದವನ್ನು ನೆಕ್ಕಿದಾಗ ಒಳಸೇರುವ ಸಿಂಪರಣೆಗಿಂತ, ಕೀಲಿನ ಸಂದಿಯಲ್ಲಿ ಅಡಗಿಸಿಟ್ಟ ಅಲ್ಪಪ್ರಮಾಣದ ಆಮಿಷವೇ ಎಷ್ಟೋ ಮೇಲು. ಸಂಶಯದ ಹೆಸರಿನಲ್ಲಿ ಕಡಮೆ ಅಪಾಯದ್ದನ್ನು ತೊರೆದು ಹೆಚ್ಚು ಅಪಾಯದ್ದನ್ನು ಅಪ್ಪಿಕೊಳ್ಳುವುದು ಪ್ರಾಣಿಪ್ರೇಮವಾಗದು. ಆಮಿಷವನ್ನು ಇಡುವ ಹಕ್ಕು ಮನೆಯವನಿಗೆ ಉಂಟು. ಆ ಹಕ್ಕಿನ ಜೊತೆಗೆ, ತನ್ನ ನಾಯಿಯ ಬಾಯಿ ಹೇಳಲಾರದ ಸಾಕ್ಷ್ಯವನ್ನು ತಾನು ಹೇಳಬಲ್ಲಷ್ಟು ಮಟ್ಟಿಗೆ ಆ ವಿಷವನ್ನು ಅರಿತಿರಬೇಕಾದ ಹೊಣೆಯೂ ಉಂಟು. ಹೆಸರು ತಿಳಿಯದ ವಿಷವನ್ನು ಮನೆಯೊಳಗೆ ತರುವುದಿಲ್ಲವೆಂಬ ಒಂದೇ ನಿಯಮವನ್ನು ಪಾಲಿಸಿದರೂ, ಪ್ರಾಣಿ ಕಾಯಿಲೆ ಬಿದ್ದ ದಿನ ವೈದ್ಯನ ಮೊದಲ ಪ್ರಶ್ನೆಗೆ ಉತ್ತರ ಸಿದ್ಧವಾಗಿರುತ್ತದೆ. ಆ ಉತ್ತರ ಆಮಿಷದ ಅಪರಾಧವನ್ನು ಸ್ಥಾಪಿಸಲಿ, ನಿರಾಕರಿಸಲಿ, ಚಿಕಿತ್ಸೆ ಮಾತ್ರ ಸರಿಯಾದ ದಿಕ್ಕಿನಲ್ಲಿ ಅಂದೇ ಆರಂಭವಾಗುತ್ತದೆ.